ಫಾರೆಸ್ಟ್ ಬಾತಿಗೆ ಹೂಂ ಅಂದದ್ದು

ಬಾತುಗಳ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು. ರಾಜಾಜಿನಗರದಿಂದ ವಿಜಯನಗರದವರೆಗೆ ಯಾವ ಹೋಟೆಲಿನಲ್ಲಿ ಖಾರಾಬಾತು ಎಷ್ಟು ಹೊತ್ತಿಗೆ ಒಲೆಯಿಂದ ಇಳಿಯುತ್ತದೆ, ಯಾರ ವಾಂಗಿಬಾತಿನಲ್ಲಿ ಬದನೆಕಾಯಿ ನಿಜಕ್ಕೂ ಇರುತ್ತದೆ, ಯಾರದರಲ್ಲಿ ಹೆಸರಿಗೆ ಮಾತ್ರ ಇರುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಹೀಗಿರುವಾಗ ಒಂದು ಗುರುವಾರ ಸಂಜೆ ನನ್ನ ಹೆಂಡತಿ ಅಡುಗೆಮನೆಯಿಂದ ಏನನ್ನೋ ಉದ್ದಕ್ಕೆ ಹೇಳಿದಳು. ಅದರಲ್ಲಿ ಹಾಲ್‌ನ ಕುರ್ಚಿಯಲ್ಲಿ ಕೂತಿದ್ದ ನನ್ನವರೆಗೆ ಬಂದು ಮುಟ್ಟಿದ್ದು ಇಷ್ಟೇ: "ಭಾನುವಾರ ಬೆಳಗ್ಗೆ", ಆಮೇಲೆ "ಫಾರೆಸ್ಟ್ ಬಾತ್", ಅದರ ಬಾಲಕ್ಕೆ ಅಂಟಿಕೊಂಡ ಹಾಗೆ "ಇಂಗು". ನಾನು ತಡಮಾಡದೆ "ಹೂಂ" ಅಂದೆ.

ಯಾವುದೋ ಹೊಸ ಬಾತು ಬಂದಿದೆ ಎಂದುಕೊಂಡೆ. ಹೆಸರೇ ಹೇಳುವಂತೆ ಹಸಿರಾಗಿರುತ್ತದೆ. ಪಾಲಕ್, ಮೆಂತ್ಯ, ಸಬ್ಬಸಿಗೆ ಎಲ್ಲ ಸೇರಿಸಿ, ಮೇಲೆ ಇಂಗಿನ ಒಗ್ಗರಣೆ ಕೊಟ್ಟಿರುತ್ತಾರೆ. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಅನ್ನುತ್ತಾರಲ್ಲ, ಇನ್ನು ಹೋಟೆಲಿನವರು ಮಾಡದೆ ಇರುತ್ತಾರೆಯೇ? ಶುಕ್ರವಾರ, ಶನಿವಾರ ಎರಡು ದಿನ ಅದನ್ನೇ ನೆನೆದು ಬಾಯಲ್ಲಿ ನೀರೂರಿಸಿಕೊಂಡೆ.

ಈ "ಹೂಂ" ಬಗ್ಗೆ ಎರಡು ಮಾತು ಹೇಳಬೇಕು. ಕಿವಿ ಮಂದವಾದವನಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದವಿಲ್ಲ. ಎದುರಿನವರು ಪ್ರಶ್ನೆ ಕೇಳಿದ್ದರೆ ಅದು ಉತ್ತರ, ಬೈದಿದ್ದರೆ ಒಪ್ಪಿಗೆ, ಕಥೆ ಹೇಳುತ್ತಿದ್ದರೆ ಮುಂದುವರಿಸಿ ಎಂಬ ಸೂಚನೆ. ಆಗಾಗ ಎಡವಟ್ಟಾಗುತ್ತದೆ, ಇಲ್ಲವೆನ್ನುವುದಿಲ್ಲ. ಒಮ್ಮೆ "ಈ ಸೀರೇಲಿ ದಪ್ಪ ಕಾಣ್ತೀನಾ?" ಎಂಬುದಕ್ಕೂ ಹೂಂ ಅಂದು ಎರಡು ದಿನ ಬರೀ ಮೊಸರನ್ನ ತಿಂದಿದ್ದೇನೆ. ಆದರೂ ಒಟ್ಟಾರೆ ಲೆಕ್ಕ ಹಾಕಿದರೆ ಹೂಂ ನನ್ನನ್ನು ಉಳಿಸಿದ್ದೇ ಹೆಚ್ಚು.

ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಪವರ್ ಪ್ರೆಸ್ಸಿನ ಪಕ್ಕದಲ್ಲಿ ನಿಂತವನು ನಾನು. ತಗಡಿನ ಮೇಲೆ ಅದು ದಢಾರೆಂದು ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಕಿವಿಗೆ ತುರುಕಿಕೊಳ್ಳಲೆಂದು ಕಿತ್ತಳೆ ಬಣ್ಣದ ಬಿರಡೆಗಳನ್ನು ಕೊಡುತ್ತಿದ್ದರು. ನಾವು ಅವನ್ನು ಜೇಬಿನಲ್ಲಿಟ್ಟುಕೊಂಡು ಗಂಡಸರಾಗಿರುತ್ತಿದ್ದೆವು. ಅಲ್ಲಿ ಕಿವಿಯಿಂದ ಆಗಬೇಕಾದ ಕೆಲಸವೂ ಇರಲಿಲ್ಲ ಅನ್ನಿ. ಮಿಷನ್ನಿನ ಮೈಮೇಲೆ ಅಂಗೈ ಇಟ್ಟರೆ ಸಾಕು, ಬೇರಿಂಗ್ ಸವೆದಿದೆಯೋ, ಬೋಲ್ಟು ಸಡಿಲವಾಗಿದೆಯೋ ಅದರ ಅದುರಿನಲ್ಲೇ ನನಗೆ ತಿಳಿಯುತ್ತಿತ್ತು. "ಬಂದು ಒಂಚೂರು ಕೈಯಿಟ್ಟು ನೋಡಿ ಅಣ್ಣ" ಎಂದು ಬೇರೆ ಶಾಪಿನವರು ಡಾಕ್ಟರನ್ನು ಕರೆದೊಯ್ದ ಹಾಗೆ ನನ್ನನ್ನು ಕರೆದೊಯ್ಯುತ್ತಿದ್ದರು. ನನಗೆ ಅದರ ಬಗ್ಗೆ ಜಂಬವಿತ್ತು, ಈಗಲೂ ಇದೆ.

ಕಿವಿಯ ವಿಷಯ ಮಾತ್ರ ನಾನು ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ಹೆಂಡತಿ "ಇವ್ರು ಯಾರ ಮಾತೂ ಕೇಳಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮಾತು ಕೇಳದ ಗಂಡ ಅನ್ನಿಸಿಕೊಳ್ಳುವುದರಲ್ಲಿ ಒಂದು ಗತ್ತಿದೆ. ಮಾತು ಕೇಳಿಸದ ಗಂಡ ಅನ್ನಿಸಿಕೊಂಡರೆ ಬರೀ ವಯಸ್ಸು. ಹಾಗಾಗಿ ನಾನು ಮೊದಲನೆಯ ಬಿರುದನ್ನೇ ಇಟ್ಟುಕೊಂಡಿದ್ದೆ.

ಆದರೆ ಆ ಬಾತಿಗೆ ಅಷ್ಟು ಬೇಗ ಹೂಂ ಅಂದದ್ದಕ್ಕೆ ಹೊಟ್ಟೆಯೊಂದೇ ಕಾರಣವಲ್ಲ. ಇನ್ನೊಂದು ಕಾರಣವಿತ್ತು, ಅದು ಒಂದು ವರ್ಷದಿಂದ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಇತ್ತು.

ನನ್ನ ಹೆಂಡತಿ ಬೆಳಗ್ಗೆ ಹಾಲು ಕಾಯಿಸುವಾಗ ಹಾಡುತ್ತಾಳೆ. ಹಾಡು ಅಂದರೆ ದೊಡ್ಡ ಮಾತಾಯಿತು. ಯಾವ ಹಾಡೇ ಆಗಲಿ, ಅವಳಿಗೆ ಬರುವುದು ಮೊದಲ ಸಾಲು ಮಾತ್ರ. ಅಲ್ಲಿಂದ ಮುಂದೆ ಬಾಯಿ ಮುಚ್ಚಿಕೊಂಡು ಗುನುಗು, ಮತ್ತೆ ತಿರುಗಿ ಮೊದಲ ಸಾಲಿಗೇ ಬಂದು ಬೀಳುತ್ತಾಳೆ. ಮೊದಲ ಪಾಳಿಗೆ ಹೊರಡುವ ಅವಸರದಲ್ಲಿ ನಾನು ಅಡುಗೆಮನೆ ಬಾಗಿಲಿಗೆ ಒರಗಿ ನಿಂತೇ ಕಾಫಿ ಕುಡಿಯುತ್ತಿದ್ದೆ. "ಎರಡನೇ ಸಾಲು ಎಲ್ಲಿ ಹೋಯ್ತು, ಬೆಕ್ಕು ತಿಂತಾ?" ಎಂದು ದಿನವೂ ಛೇಡಿಸುತ್ತಿದ್ದೆ. "ಅದು ದೇವರಿಗೆ ಗೊತ್ತು, ನಿಮಗ್ಯಾಕೆ?" ಎಂದು ಅವಳು ದಿನವೂ ಅನ್ನುತ್ತಿದ್ದಳು. ನಮ್ಮ ಸಂಸಾರದಲ್ಲಿ ಸರಸ ಅಂತ ಏನಾದರೂ ಇದ್ದರೆ ಅದು ಇದೇ.

ಕಳೆದ ವರ್ಷ ನಾನು ರಿಟೈರ್ ಆದೆ. ಅವಸರ ತಪ್ಪಿತು. ಕಾಫಿ, ಪೇಪರಿನ ಜೊತೆಗೆ ಹಾಲ್‌ನ ಕುರ್ಚಿಗೇ ಬರತೊಡಗಿತು. ಆಮೇಲೆ ಒಂದು ದಿನ ಗಮನಿಸಿದೆ, ಅವಳು ಹಾಡುವುದನ್ನು ನಿಲ್ಲಿಸಿದ್ದಳು. ಒಂದು ವಾರ ನೋಡಿದೆ, ಒಂದು ತಿಂಗಳು ನೋಡಿದೆ. ಬೆಳಗಿನ ಮನೆ ಸಪ್ಪಗಿತ್ತು. ನನಗೆ ತೋಚಿದ ಅರ್ಥ ಒಂದೇ. ದಿನವಿಡೀ ಕಾರ್ಖಾನೆಯಲ್ಲಿರುತ್ತಿದ್ದ ಗಂಡಸು ಈಗ ದಿನವಿಡೀ ಕಣ್ಣೆದುರಿಗೆ ಕೂತರೆ ಯಾವ ಹೆಂಗಸಿಗೆ ಹಾಡು ಬಂದೀತು? ನಾನು ಮನೆಗೆ ಬಂದು ಕೂತೆ, ಹಾಡು ಎದ್ದು ಹೊರಟಿತು.

ನೇರವಾಗಿ ಕೇಳಲು ಧೈರ್ಯವಾಗಲಿಲ್ಲ. "ನಾನಿರೋದು ನಿನಗೆ ಭಾರವಾ?" ಎಂದು ಕೇಳಿ, ಅವಳು ಹೂಂ ಅಂದುಬಿಟ್ಟರೆ? ಅದರ ಬದಲು ತರಕಾರಿ ಹೆಚ್ಚಿಕೊಟ್ಟೆ. ತುಂಡು ದಪ್ಪವಾಯಿತು ಎಂದಳು. ಡಬ್ಬಿಗಳನ್ನೆಲ್ಲ ಅಳತೆ ಪ್ರಕಾರ ಜೋಡಿಸಿಟ್ಟೆ. ಮೂರು ದಿನ ಸಾಸಿವೆ ಸಿಗದೆ ಪರದಾಡಿ ಬೈದಳು. ಕುಕ್ಕರ್ ಮೂರು ಸಲ ಕೂಗಿದ ಮೇಲೆ ಆರಿಸಿ ಎಂದು ಹೇಳಿ ಹೋದಳು. ನಾನು ನಂಬಿಕೆಯಿಂದ ಕಾದು ಕೂತೆ, ಬೇಳೆ ತಳ ಹಿಡಿದು ಕರಕಲಾಯಿತು. ಅಷ್ಟಾದ ಮೇಲೂ ನನಗೆ ಕಿವಿ ಅಷ್ಟೊಂದು ಕೆಟ್ಟಿದೆಯೆಂದು ಅನುಮಾನ ಬರಲಿಲ್ಲ, ಕುಕ್ಕರಿನ ಮೇಲೆ ಬಂತು. ಹಾಗಾಗಿ ಅವಳೇ ತಾನಾಗಿ ಭಾನುವಾರ ಎಲ್ಲಿಗೋ ಕರೆದಾಗ, ಅದು ಬಾತಿಗೇ ಆಗಲಿ, ಯಾವ ಬಾವಿಗೇ ಆಗಲಿ, ಹೂಂ ಅನ್ನಲು ಸಿದ್ಧನಿದ್ದೆ. ಹೊರಗೆ ಹೋಗಿ ಜೊತೆಯಲ್ಲಿ ಕೂತು ತಿಂದರೆ ಅವಳ ಮನಸ್ಸು ತಿಳಿಯಾದೀತು, ಹಾಡು ತಿರುಗಿ ಬಂದೀತು ಎಂಬುದು ನನ್ನ ಲೆಕ್ಕಾಚಾರ.

ಭಾನುವಾರ ಬೆಳಗಿನ ಆರಕ್ಕೇ ಬಸವೇಶ್ವರನಗರದ ಮನೆಯಿಂದ ಆಟೋದಲ್ಲಿ ಹೊರಟೆವು. ನಾನು ಬೇಕೆಂದೇ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದೆ. ಉಳಿದರೆ ಕಟ್ಟಿಸಿಕೊಂಡು ಬರೋಣವೆಂದು ಕೈಚೀಲದಲ್ಲಿ ಒಂದು ಸ್ಟೀಲ್ ಡಬ್ಬಿಯನ್ನೂ ಇಟ್ಟುಕೊಂಡೆ. ಆಟೋ ನಾಗರಬಾವಿ ದಾಟಿ, ಹೋಟೆಲುಗಳನ್ನೆಲ್ಲ ಒಂದೊಂದಾಗಿ ಹಿಂದೆ ಹಾಕಿ, ವಿಶ್ವವಿದ್ಯಾಲಯದ ಕ್ಯಾಂಪಸ್ಸಿನೊಳಗೆ ನುಗ್ಗಿ, ಮರಗಳು ದಟ್ಟವಾಗಿರುವ ಕಡೆ ನಿಂತಿತು. ಹೋಟೆಲು ಕಾಣಲಿಲ್ಲ. ಹೊಗೆಯೂ ಕಾಣಲಿಲ್ಲ.

ಅಲ್ಲಿ ನನ್ನ ಹೆಂಡತಿಯ ಪಾರ್ಕಿನ ಯೋಗದ ಗುಂಪಿನವರು ಹತ್ತು ಹನ್ನೆರಡು ಜನ ಆಗಲೇ ಸೇರಿದ್ದರು. ಗಂಡಸರಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರೇ. ಅವರು ಹೇರೋಹಳ್ಳಿಯ ಹಳೆಯ ಒಕ್ಕಲು ಮನೆತನದ ಯಜಮಾನರು. ಅವರ ಹೊಲವೆಲ್ಲ ಸೈಟುಗಳಾಗಿವೆ, ಮನೆ ಮುಂದಿನ ರಸ್ತೆ ಮಾತ್ರ ಇನ್ನೂ ಹೊಲವಾಗಿಯೇ ಉಳಿದಿದೆ. ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ಗಂಟಲು ಅವರದು. ಅವರ ಒಂದೊಂದು ಅಕ್ಷರವೂ ನನಗೆ ಕೇಳಿಸಿತು. ನೋಡಿದೊಡನೆ ಇಷ್ಟವಾದರು.

"ಏನ್ ಸಾರ್," ಎಂದರು ಅವರು, "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅನ್ನೋ ವಯಸ್ಸಲ್ಲಿ, ಅದು ಕರೆಯೋಕ್ ಮುಂಚೆ ನಾವೇ ಹೆಸ್ರು ಬರಸ್ಕೊಂಡು ಬಂದಿದೀವಲ್ಲ!"

ನಾನು ನಕ್ಕು, ದನಿ ತಗ್ಗಿಸಿ, "ಬಾತು ಎಷ್ಟೊತ್ತಿಗೆ?" ಎಂದೆ.

"ಈಗ ಶುರುವಂತೆ."

"ಇಲ್ಲೇ ಬಡಿಸ್ತಾರಾ, ಒಳಗೆ ಹೋಗ್ಬೇಕಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಡಿಸೋದಾ? ಬಾತಲ್ಲ ಸ್ವಾಮಿ, ಬಾತಿಂಗು! ಸ್ನಾನ! ಕಾಡಲ್ಲಿ ಸುಮ್ನೆ ಕೂರೋದಕ್ಕೆ ಹಂಗಂತಾರಂತೆ. ನೀರಿಲ್ಲ, ಸೋಪಿಲ್ಲ, ಬಾತಂತೂ ಇಲ್ವೇ ಇಲ್ಲ!"

ಆ ಗಂಟಲಿಗೆ ಗುಟ್ಟು ಎಂಬುದು ಗೊತ್ತಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ನನ್ನ ಹೆಂಡತಿ ನನ್ನ ಕೈಚೀಲವನ್ನು ನೋಡಿದಳು, ಅದರೊಳಗಿನ ಡಬ್ಬಿಯನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡಿದಳು.

"ಈ ಡಬ್ಬಿ ಯಾಕಪ್ಪಾ ತಂದ್ರು ಅಂತ ದಾರಿಯುದ್ದಕ್ಕೂ ಯೋಚ್ನೆ ಮಾಡ್ತಿದ್ದೆ," ಎಂದಳು.

"ಬೀಜ ಗೀಜ ಸಿಕ್ಕಿದ್ರೆ ಹಾಕ್ಕೊಂಡು ಬರೋಣ ಅಂತ," ಎಂದೆ ನಾನು, ತಲೆಯೆತ್ತಿಕೊಂಡೇ.

"ನೋಡಿ, ಅಂಕಲ್ ಪ್ಲಾಸ್ಟಿಕ್ ಕವರ್ ತಂದಿಲ್ಲ, ಎಷ್ಟು ಯೋಚ್ನೆ ಮಾಡಿ ಬಂದಿದಾರೆ!" ಎಂದು ಒಂದು ಹುಡುಗಿ ಚಪ್ಪಾಳೆ ತಟ್ಟಿದಳು. ನಮ್ಮನ್ನು ಕಾಡಿನಲ್ಲಿ ಮೀಯಿಸಲು ಬಂದಿದ್ದವಳು ಅವಳೇ. ಮೂವತ್ತರ ಆಸುಪಾಸಿನ, ಖಾದಿ ಜುಬ್ಬದ, ತುಂಬ ಒಳ್ಳೆಯ ಹುಡುಗಿ. ಒಂದೇ ಒಂದು ದೋಷ ಅಂದರೆ ಮಾತು ಹತ್ತಿಯಷ್ಟು ಮೆತ್ತಗೆ. ಇಷ್ಟು ಮೆತ್ತಗೆ ಮಾತಾಡುವವರಿಗೆ ಒಂದು ಮೈಕು ಕಟ್ಟಿ ಕಳಿಸಬೇಕು. ಅವಳು ಏನು ಹೇಳುತ್ತಿದ್ದಾಳೆಂದು ನಾನು ಅವಳ ತುಟಿ ಮತ್ತು ನನ್ನ ಹೆಂಡತಿಯ ಕಾಲು ಎರಡನ್ನೂ ನೋಡಿ ತಿಳಿದುಕೊಳ್ಳುತ್ತಿದ್ದೆ. ಹೆಂಡತಿ ನಡೆದರೆ ನಡೆದೆ, ನಿಂತರೆ ನಿಂತೆ, ಚಪ್ಪಲಿ ಬಿಟ್ಟರೆ ಬಿಟ್ಟೆ.

ಮೊದಲ ಕೆಲಸ ನಿಧಾನವಾಗಿ ನಡೆಯುವುದು. ನಿಧಾನ ಎಂದರೆ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ನಿಧಾನ. ಹೆಜ್ಜೆ ಎತ್ತಿದ್ದು ಗೊತ್ತಾಗಬೇಕು, ಊರಿದ್ದು ಗೊತ್ತಾಗಬೇಕು. ನನಗೆ ಊರಿದ್ದು ಚೆನ್ನಾಗಿಯೇ ಗೊತ್ತಾಯಿತು, ಏಕೆಂದರೆ ಅಲ್ಲಿ ಜಾಲಿ ಮುಳ್ಳಿತ್ತು. ಹೇರೋಹಳ್ಳಿಯ ಯಜಮಾನರು ಮಾತ್ರ ಚಪ್ಪಲಿ ಬಿಡಲಿಲ್ಲ. "ನಮ್ಮಜ್ಜಿ ಸೌದೆಗೆ ಅಂತ ಬರಿಗಾಲಲ್ಲೇ ಕಾಡಿಗೆ ಹೋಗೋಳು. ಪುಣ್ಯಾತ್ಗಿತ್ತಿ, ಮೆಟ್ಟು ಸಿಕ್ಕಿದ್ರೆ ಸಾಕು ಅಂತಿದ್ಲು. ನಾನು ಅವಳ ಆಸೆ ತೀರಿಸ್ತಾ ಇದೀನಿ" ಎಂದರು.

ಆಮೇಲೆ ಒಂದೊಂದು ಮರ ಆರಿಸಿಕೊಂಡು, ಅದಕ್ಕೆ ಕೈಯಿಟ್ಟು, ಕಣ್ಣು ಮುಚ್ಚಿ ನಿಲ್ಲಬೇಕಾಗಿತ್ತು. ಇದು ನನ್ನ ಕಸುಬು. ಒಂದು ಹೊಂಗೆ ಮರ ಆರಿಸಿಕೊಂಡೆ. ಅಂಗೈ ಪೂರ್ತಿ ಊರಿದೆ, ಬೆರಳು ಅಗಲಿಸಿದೆ, ಮಿಷನ್ನಿಗೆ ಇಡುತ್ತಿದ್ದ ಹಾಗೆಯೇ. ಅದುರಿಲ್ಲ, ಬಿಸಿಯಿಲ್ಲ, ಎಣ್ಣೆಯ ಜಿಡ್ಡಿಲ್ಲ. ಆದರೂ ಒಳಗೆ ಕೆಲಸ ನಡೆದೇ ಇದೆ: ನೀರು ಮೇಲೇರುತ್ತಿದೆ, ಎಲೆ ಹೊರಡುತ್ತಿದೆ, ಪಾಳಿ ಬದಲಾಗುವ ಸೈರನ್ನು ಕೂಡ ಇಲ್ಲ. ಇಷ್ಟು ದೊಡ್ಡ ಕಾರ್ಖಾನೆ ಇಷ್ಟು ಸದ್ದಿಲ್ಲದೆ ನಡೆಯುತ್ತದಲ್ಲ ಎಂದು ನಿಜವಾಗಿಯೂ ಬೆರಗಾಯಿತು. ಬಾತಿಗೆಂದೇ ಹೋದವನಿಗೆ ಕಣ್ಣು ತೆರೆಯಲು ಮನಸ್ಸಾಗಲಿಲ್ಲ. ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಆ ಕಾರ್ಖಾನೆಯ ಕಾರ್ಮಿಕರಾದ ಕಟ್ಟಿರುವೆಗಳು ನನ್ನ ತೋಳು ಹತ್ತಿ ಕಂಕುಳು ಸೇರಿದವು. ನಾನು ಹಾರಿದ್ದನ್ನು ಕಂಡು ಹುಡುಗಿ, "ಅಂಕಲ್‌ಗೆ ಎನರ್ಜಿ ಫೀಲ್ ಆಯ್ತು" ಎಂದಳಂತೆ. ಹೆಂಡತಿ ಆಮೇಲೆ ಹೇಳಿದ್ದು.

ಮುಂದಿನದು ಪರೀಕ್ಷೆ. ಎಲ್ಲರೂ ಗುಂಡಾಗಿ ಕೂತು, ಕಣ್ಣು ಮುಚ್ಚಿ, ಕಾಡಿನ ಮಾತು ಕೇಳಬೇಕು. ಒಂದೊಂದು ಹೊಸ ಶಬ್ದ ಕೇಳಿಸಿದಾಗಲೂ ಒಂದೊಂದು ಬೆರಳು ಎತ್ತಬೇಕು.

ಕಣ್ಣು ಮುಚ್ಚಿದೆ. ಕೆಂಬೂತ ಒಂದು ಊಪ್ ಊಪ್ ಎಂದು ಕೂಗಿತು, ಒಂದು ಬೆರಳೆತ್ತಿದೆ. ಮೈಸೂರು ರಸ್ತೆಯ ಕಡೆ ಮೆಟ್ರೋ ಹೋಯಿತು, ಎರಡನೆಯದು ಎತ್ತಿದೆ. ಅಷ್ಟೇ. ಕಾಡು ಮುಗಿಯಿತು. ಆಮೇಲೆ ಕಿವಿಯೊಳಗೆ ಸದಾ ಇರುವ ಒಂದು ಸಣ್ಣ ಕೀರಲು ಬಿಟ್ಟರೆ ಇನ್ನೇನಿಲ್ಲ. ಕಾಯುತ್ತಲೇ ಇದ್ದೆ. ಮೊದಲ ಸಲ ಸ್ವಲ್ಪ ಹೆದರಿಕೆಯಾಯಿತು. ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದು ನೋಡಿದರೆ, ನನ್ನ ಹೆಂಡತಿಯದು ಆಗಲೇ ಐದು ಬೆರಳು. ಹೇರೋಹಳ್ಳಿಯವರದು ಏಳು. ಅವರೆಲ್ಲರ ಮುಖದಲ್ಲಿ ಏನೋ ಒಂದು ಬಂದು ಹೋಗುತ್ತಿತ್ತು, ಒಬ್ಬೊಬ್ಬರಾಗಿ ಮುಗುಳ್ನಗುತ್ತಿದ್ದರು. ನನ್ನನ್ನು ಬಿಟ್ಟು ಎಲ್ಲರಿಗೂ ಯಾರೋ ಏನೋ ಹೇಳುತ್ತಿದ್ದ ಹಾಗೆ.

ಗಂಡಸು ಮಾಡುವುದನ್ನೇ ನಾನು ಮಾಡಿದೆ. ಹೆಂಡತಿಯ ಬೆರಳು ನೋಡಿಕೊಂಡು ನನ್ನ ಬೆರಳೆತ್ತಿದೆ. ಅವಳು ಒಂಬತ್ತಕ್ಕೆ ನಿಲ್ಲಿಸಿದಳು, ನಾನೂ ಒಂಬತ್ತಕ್ಕೆ ನಿಲ್ಲಿಸಿದೆ.

"ಅಂಕಲ್, ಒಂಬತ್ತು!" ಎಂದಳು ಹುಡುಗಿ, ಈ ಸಲ ಸಂತೋಷಕ್ಕೆ ಸ್ವಲ್ಪ ಜೋರಾಗಿಯೇ. "ಒಂಬತ್ತನೇದು ಏನು ಕೇಳಿಸ್ತು, ಎಲ್ರಿಗೂ ಹೇಳಿ."

ಖಾಲಿ ಹೊಟ್ಟೆಯವನ ತಲೆಗೆ ಏನು ಹೊಳೆಯುತ್ತದೆಯೋ ಅದೇ ಹೊಳೆಯಿತು. "ಒಗ್ಗರಣೆ," ಎಂದೆ.

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. "ನಗ್ಬೇಡಿ, ದೂರದ ಯಾವುದೋ ಮನೆಯ ಒಗ್ಗರಣೆ ಕೂಡ ಅಂಕಲ್‌ಗೆ ಕೇಳಿಸಿದೆ. ಆಳವಾಗಿ ಕೇಳಿಸ್ಕೊಳ್ಳೋದು ಅಂದ್ರೆ ಇದೇ" ಎಂದು ಎಲ್ಲರಿಂದ ನನಗೆ ಚಪ್ಪಾಳೆ ಹೊಡೆಸಿದಳು. ನನ್ನ ಹೆಂಡತಿ ಚಪ್ಪಾಳೆ ಹೊಡೆಯುತ್ತಲೇ ನನ್ನ ಬಲಗಿವಿಗೆ ಬಾಯಿ ತಂದು, "ಕಾಪಿ ಹೊಡೆದವ್ರಿಗೇ ರ್ಯಾಂಕು. ನಾಚ್ಕೆ ಆಗಲ್ವಾ?" ಎಂದಳು.

ಕೊನೆಯದು ಜೊತೆಯ ಮೌನ. ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರಬೇಕು. ಮಾತಿಲ್ಲ, ಕೈಸನ್ನೆಯಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ನಾಲ್ಕು ಜನರೆದುರು ಹೀಗೆ ಮೈಗೆ ಮೈ ತಾಗಿಸಿ ಕೂತವರೇ ಅಲ್ಲ. ನಾನು ಒಂದು ಗೇಣು ಜಾಗ ಬಿಟ್ಟು ಕೂತೆ. ಹುಡುಗಿ ಬಂದು ನನ್ನ ಹೆಗಲು ಹಿಡಿದು ಹಿಂದಕ್ಕೆ ಒರಗಿಸಿದಳು. ಹೆಂಡತಿಯ ಬೆನ್ನು ತಾಗಿತು. ಬೆಚ್ಚಗಿತ್ತು. ಕಣ್ಣು ಮುಚ್ಚಿದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನನ್ನ ಎಡ ಹೆಗಲೆಲುಬಿನ ಕೆಳಗೆ ಒಂದು ಸಣ್ಣ ಅದುರು ಶುರುವಾಯಿತು.

ಅದುರು ಎಂದರೆ ನನಗೆ ಸುಮ್ಮನಿರಲಾಗುವುದಿಲ್ಲ. ಮೆಟ್ರೋ ಇರಬಹುದೇ? ಅಲ್ಲ, ಅದು ನೆಲದಿಂದ ಬರುತ್ತದೆ, ಬಂದು ಹೋಗುತ್ತದೆ. ಅವಳ ಎದೆಬಡಿತವೇ? ಅಲ್ಲ, ಅದಕ್ಕೆ ಏಟುಗಳಿರುತ್ತವೆ. ಚಳಿಗೆ ನಡುಗುತ್ತಿದ್ದಾಳೆಯೇ? ಅದೂ ಅಲ್ಲ. ಇದು ಒಂದಿಷ್ಟು ಏರಿತು, ಅಲ್ಲಿ ನಿಂತಿತು, ಇಳಿಯಿತು. ಉಸಿರೆಳೆದುಕೊಳ್ಳುವಷ್ಟು ಹೊತ್ತು ನಿಂತು, ಮತ್ತೆ ಮೊದಲಿನಿಂದ ಅದೇ ಏರು, ಅದೇ ಇಳಿತ. ಮೂರನೆಯ ಸಲ ಅದು ಮೊದಲಿಗೇ ಬಂದು ಬಿದ್ದಾಗ ನನಗೆ ಗೊತ್ತಾಯಿತು. ಮೂವತ್ತು ವರ್ಷ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ ಮೊದಲ ಸಾಲು.

"ಹಾಡ್ತಾ ಇದೀಯಾ?" ಎಂದೆ.

ಮೆಲ್ಲಗೆ ಎಂದುಕೊಂಡೇ ಅಂದದ್ದು. ಆದರೆ ನನ್ನಂಥವರ ಮೆಲ್ಲಗೆ ಊರಿಗೆಲ್ಲ ಕೇಳಿಸುತ್ತದೆ. ಹನ್ನೆರಡು ಜನರೂ ಕಣ್ಣು ಬಿಟ್ಟರು. ಹೇರೋಹಳ್ಳಿಯ ಯಜಮಾನರು ಎದ್ದು ನಿಂತು, "ಎಲ್ಲಿ? ಹಾವಾ?" ಎಂದರು.

ನನ್ನ ಹೆಂಡತಿ ನನ್ನ ತೋಳು ಹಿಡಿದು ಎಬ್ಬಿಸಿ, ಬಿದಿರ ಮೆಳೆಯ ಆಚೆಗೆ ಎಳೆದುಕೊಂಡು ಹೋದಳು. "ಏನ್ ರೀ ನಿಮ್ದು? ಮೌನ ಅಂದ್ರೆ ಅಷ್ಟೂ ಗೊತ್ತಾಗಲ್ವಾ?"

"ಹಾಡ್ತಿದ್ಯಾ ಇಲ್ವಾ, ಅದನ್ನ ಹೇಳು."

"ಸುಮ್ನೆ ಕೂತ್ರೆ ಬಂದ್ಬಿಡುತ್ತೆ, ಅಭ್ಯಾಸ. ಆ ಹುಡುಗಿಗೆ ಹೇಳ್ಬೇಡಿ."

"ಮತ್ತೆ ಮನೇಲಿ ಯಾಕೆ ನಿಲ್ಸಿದ್ದೆ?"

"ಯಾರು ನಿಲ್ಸಿದ್ದು?" ಎಂದಳು ಅವಳು. "ಇವತ್ತು ಬೆಳಗ್ಗೆನೂ ಹಾಡಿದೀನಿ, ಹಾಲು ಕಾಯಿಸ್ತಾ. ನೀವು ಅಲ್ಲೇ ಹಾಲ್‌ನಲ್ಲಿ ಶರ್ಟು ಹಾಕ್ಕೋತಿದ್ರಿ."

ಒಂದು ವರ್ಷ ನಾನು ಹೊತ್ತು ತಿರುಗಿದ್ದ ಭಾರ ಕೆಳಗೆ ಬಿತ್ತು. ಆದರೆ ಅದು ಬಿದ್ದ ಜಾಗದಲ್ಲಿ ಬೇರೊಂದು ಕಂಡ ಹಾಗಾಯಿತು. ಹಾಡು ಎಲ್ಲಿಗೂ ಹೋಗಿರಲಿಲ್ಲ. ಮುನ್ನೂರು ಚಿಲ್ಲರೆ ಬೆಳಗುಗಳು ಅದು ಹತ್ತು ಹೆಜ್ಜೆ ದೂರದಲ್ಲೇ ಇತ್ತು. ನಾನೇ ಅಲ್ಲಿರಲಿಲ್ಲ.

ಅವಳು ಸೆರಗಿನಿಂದ ನನ್ನ ತೋಳಿನ ಮೇಲಿನ ಒಂದು ಇರುವೆಯನ್ನು ಕೊಡವಿದಳು. ಆಮೇಲೆ, ನನ್ನನ್ನು ನೋಡದೆ, "ನಿಲ್ಸಿದ್ದು ನೀವು" ಎಂದಳು. "ರಿಟೈರ್ ಆದ್ಮೇಲೆ ಒಂದು ದಿನಾನಾದ್ರೂ ಎರಡನೇ ಸಾಲು ಎಲ್ಲಿ ಅಂತ ಕೇಳಿದ್ರಾ? ಮೊದಲು ದಿನಾ ಅಣಕಿಸ್ತಿದ್ರಿ. ಈಗ ಮನೇಲೇ ಇರ್ತಾರಲ್ಲ, ನನ್ ದನಿ ಕೇಳಿ ಕೇಳಿ ಬೇಜಾರಾಗಿರ್ಬೇಕು ಅನ್ಕೊಂಡೆ. ಅದಕ್ಕೇ ಇನ್ನೂ ಮೆಲ್ಲಗೆ ಹಾಡ್ಕೋತಿದ್ದೆ, ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ."

ನೋಡಿ ನಮ್ಮ ಸಂಸಾರದ ಚೆಂದ. ಅವಳು ಮುನಿಸಿಕೊಂಡಿದ್ದಾಳೆಂದು ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದೇನೆಂದು ಅವಳು ದನಿ ತಗ್ಗಿಸಿದಳು. ಅವಳು ತಗ್ಗಿಸಿದಷ್ಟೂ ನನಗೆ ಕೇಳಿಸದಾಯಿತು.

"ಬೇಜಾರಲ್ಲ," ಎಂದೆ. "ನಂಗೆ ಕೇಳಿಸ್ತಿಲ್ಲ ಕಣೇ."

ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ನನ್ನ ಹೆಂಡತಿ ಮಾತ್ರ ತಟ್ಟನೆ ತಲೆಯೆತ್ತಿದಳು.

"ಯಾವತ್ತಿಂದ?"

"ಏನ್ ಕೇಳಿಸಿಲ್ಲ ಅನ್ನೋದು ಕೇಳಿಸ್ದೇ ಇರೋನಿಗೆ ಹೆಂಗೆ ಗೊತ್ತಾಗುತ್ತೆ?"

ಅವಳು ಯೋಚಿಸಿದಳು. ಅವಳ ಮುಖದಲ್ಲಿ ಒಂದು ವರ್ಷದ ಹಳೆಯ ಜಗಳಗಳೆಲ್ಲ ಒಂದೊಂದಾಗಿ ಬಂದು, ತೀರ್ಪು ಬದಲಾಯಿಸಿಕೊಂಡು ಹೋಗುವುದು ನನಗೆ ಕಾಣಿಸಿತು. ಕುಕ್ಕರು. ಕಾಲಿಂಗ್ ಬೆಲ್ಲು. ಸೀರೆ. ಅವಳ ಕಣ್ಣಲ್ಲಿ ನೀರು ತುಂಬಿತು, ನನಗೂ ತುಂಬಿತು.

"ಹಾಗಾದ್ರೆ," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ, "ಮುಂದಿನ ತಿಂಗ್ಳು ನಮ್ಮಕ್ಕ ಬಂದು ಹದಿನೈದು ದಿನ ಇರ್ಲಾ ಅಂದಾಗ ಹೂಂ ಅಂದ್ರಲ್ಲ?"

"ಅಂದ್ನಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಬಿದಿರಿನ ಮೆಳೆ ಹಿಡಿದುಕೊಂಡು ನಕ್ಕಳು. ಆ ನಗು ನನಗೆ ಪೂರ್ತಿ ಕೇಳಿಸಿತು.

ನಾವು ವಾಪಸು ಬಂದಾಗ ಹುಡುಗಿ ಎಲ್ಲರಿಗೂ ಮಣ್ಣಿನ ಲೋಟದಲ್ಲಿ ಮಜ್ಜಿಗೆಹುಲ್ಲಿನ ಕಷಾಯ ಕೊಡುತ್ತಿದ್ದಳು. ಆ ಹೊತ್ತಿಗೆ ನನ್ನ ಹೊಟ್ಟೆಗೆ ಬಿದ್ದದ್ದು ಅಷ್ಟೇ. ಕಾಡು ನಿಮಗೇನು ಕೊಟ್ಟಿತು ಎಂದು ಒಬ್ಬೊಬ್ಬರನ್ನೂ ಕೇಳುತ್ತ ಬಂದಳು. ಒಬ್ಬರು ಶಾಂತಿ ಎಂದರು, ಒಬ್ಬರು ನೆಮ್ಮದಿ ಎಂದರು. ಹೇರೋಹಳ್ಳಿಯವರು, "ಮುಳ್ಳು. ನನಗಲ್ಲ, ಇವ್ರಿಗೆಲ್ಲ" ಎಂದರು. ನನ್ನ ಸರದಿ ಬಂದಾಗ ನನ್ನ ಹೆಂಡತಿ ನಡುವೆ ಬಾಯಿ ಹಾಕಿ, "ಸ್ವಲ್ಪ ಜೋರಾಗಿ ಕೇಳಮ್ಮ, ಅವ್ರಿಗೆ ಕಿವಿ ಮಂದ" ಎಂದಳು. ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಅರ್ಧ ನಿಮಿಷದಲ್ಲಿ ಊರಿಗೆ ಹಂಚಿದಳು. ಆಗ ಆ ಹುಡುಗಿಗೆ ಒಂಬತ್ತು ಬೆರಳು ನೆನಪಾಗಿರಬೇಕು, ಒಗ್ಗರಣೆಯೂ ನೆನಪಾಗಿರಬೇಕು. ಮುಖ ಕೆಂಪಗಾಯಿತು. ಪಾಪ, ಚಪ್ಪಾಳೆಯನ್ನು ವಾಪಸು ಪಡೆಯುವ ಪದ್ಧತಿ ಇಲ್ಲವಲ್ಲ.

ನಾಗರಬಾವಿಯಲ್ಲಿ ಆಟೋ ನಿಲ್ಲಿಸಿ ಒಂದು ಹೋಟೆಲಿಗೆ ನುಗ್ಗಿದೆವು. ಬಲಗಿವಿ ಒಂಚೂರು ವಾಸಿ ಎಂದೆ. ನನ್ನ ಎಡಕ್ಕೆ ಕೂತಿದ್ದ ಹೆಂಡತಿ ಎದ್ದು, ಮೇಜು ಸುತ್ತಿ ಬಂದು ಬಲಕ್ಕೆ ಕೂತಳು. ಖಾರಾಬಾತು ಖಾಲಿಯಾಗಿತ್ತು. ಬಿಸಿಬೇಳೆ ಬಾತು ಇನ್ನೂ ಆಗಿರಲಿಲ್ಲ. ಉಳಿದದ್ದು ಹಸಿರು ಪಲಾವು ಒಂದೇ. ಅದರ ಮೇಲೆ ಹೆಂಡತಿ ಸಬ್ಬಸಿಗೆಯ ಒಂದೆಳೆ ಇಟ್ಟು, "ತಗೊಳ್ಳಿ, ನಿಮ್ಮ ಫಾರೆಸ್ಟ್ ಬಾತು" ಎಂದಳು. ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ತುಂಬಿಸಿಕೊಂಡು ಬಂದೆವು. ತಂದ ಡಬ್ಬಿ ಸುಮ್ಮನೆ ಹೋಗಲಿಲ್ಲ.

ಆ ವಾರವೇ ಕಿವಿಯ ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಿ ಎಂದರು. ಅಲ್ಲಿ ಕಾಪಿ ಹೊಡೆಯಲು ಹೆಂಡತಿ ಇರಲಿಲ್ಲ, ಹಾಗಾಗಿ ಅಂಕ ಕಡಿಮೆ ಬಂತು. ಎಡಗಿವಿ ಹೆಚ್ಚುಕಡಿಮೆ ಮುಗಿದಿದೆ, ಬಲಗಿವಿಗೆ ಮಿಷನ್ ಹಾಕಿದರೆ ಅನುಕೂಲ ಎಂದರು. ಮಿಷನ್ನೇ ತಿಂದ ಕಿವಿ, ಮಿಷನ್ನೇ ದುಡಿದು ತೀರಿಸಲಿ ಎಂದು ಒಪ್ಪಿಕೊಂಡೆ. ಅದು ಬರಲು ಎರಡು ವಾರವಾಗುತ್ತದೆ ಎಂದರು.

ಎರಡು ವಾರ ಕಾಯುವಷ್ಟು ವ್ಯವಧಾನ ನನಗಿರಲಿಲ್ಲ. ಮಾರನೆಯ ಬೆಳಗ್ಗೆ ಪೇಪರನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದು ಹೋಗಿ, ಮೊದಲಿನ ಹಾಗೆ ಅಡುಗೆಮನೆ ಬಾಗಿಲಿಗೆ ಒರಗಿ ನಿಂತೆ, ಬಲಗಿವಿ ಒಲೆಯ ಕಡೆಗೆ ಮಾಡಿಕೊಂಡು. ಅವಳು ನೋಡಿದಳು. ಹಾಲಿನ ಪಾತ್ರೆ ಇಟ್ಟು, ಒಲೆ ಹಚ್ಚಿ, ಸ್ವಲ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಮೊದಲ ಸಾಲು. ಆಮೇಲೆ ಗುನುಗು. ಮತ್ತೆ ಮೊದಲ ಸಾಲು. ಎಲ್ಲವೂ ಕೇಳಿಸಿತೆಂದು ಹೇಳಲಾರೆ, ಅಲ್ಲಲ್ಲಿ ತುಂಡು ಬಿಟ್ಟುಹೋಯಿತು. ಬಿಟ್ಟದ್ದನ್ನು ನಾನು ನೆನಪಿನಿಂದ ತುಂಬಿಕೊಂಡೆ.

"ಎರಡನೇ ಸಾಲು ಎಲ್ಲಿ ಹೋಯ್ತು?" ಎಂದೆ.

ಅವಳು ಕಾಫಿ ಲೋಟ ತಂದು ನನ್ನ ಕೈಗಿಟ್ಟು, ಬಲಗಿವಿಯ ಹತ್ತಿರ ಬಂದು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಾಳೆಯಿಂದ ದಿನಾ ಇಲ್ಲೇ ನಿಂತ್ಕೋಬೇಕು. ಅಣಕಿಸ್ಬೇಕು. ಆಯ್ತಾ?"

ನಾನು ಹೂಂ ಅಂದೆ. ಈ ಸಲ ಕೇಳಿಸಿಕೊಂಡೇ ಅಂದೆ.